ಎಡಗೈಯಲ್ಲಿ ಕಲಿತ ಮೋಡಲ್ ವರ್ಬು

ಏಟು ತಿಂದು ಕಲಿತ ಪಾಠ ಸಾಯುವ ತನಕ ಮರೆಯುವುದಿಲ್ಲ ಎಂದು ವಾದಿಸುವವರು ನನಗೆ ಆಗಾಗ ಸಿಗುತ್ತಾರೆ. ಕಾಲೇಜಿನ ಡಿಬೇಟ್ ತಂಡದಲ್ಲಿ ಪಳಗಿದವಳು ನಾನು. ಇಂಥವರನ್ನು ಸುಮ್ಮನೆ ಬಿಡುವುದಿಲ್ಲ. ಮರೆಯದೆ ಉಳಿಯುವುದು ಪಾಠವೋ ಏಟೋ ಎಂದು ಕೇಳುತ್ತೇನೆ. ಆದರೆ ಅವರ ಪರವಾದ ಸಾಕ್ಷ್ಯವೊಂದು ನನ್ನಲ್ಲೇ ಇದೆ. ಅದನ್ನು ಅವರ ಕೈಗೆ ಕೊಡುವುದಿಲ್ಲ. ಇಂಗ್ಲಿಷಿನ ಮೋಡಲ್ ವರ್ಬುಗಳು, ಅಂದರೆ ಕ್ಯಾನ್, ಕುಡ್, ಮೇ, ಮೈಟ್, ಶುಡ್, ಮಸ್ಟ್, ಈಗಲೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನನಗೆ ತಪ್ಪುವುದಿಲ್ಲ. ಅವನ್ನು ಏಟು ತಿಂದು ಕಲಿಯಲಿಲ್ಲ. ಏಟು ಹಾಕುವುದಕ್ಕಾಗಿ ಕಲಿತೆ.

ಆಗ ಒಂಬತ್ತನೆಯ ಕ್ಲಾಸು. ಪದ್ಮನಾಭನಗರದಲ್ಲಿ ಮೇಷ್ಟ್ರೊಬ್ಬರು ತಮ್ಮ ಮನೆಯ ತಾರಸಿಗೆ ಶೀಟು ಹೊದಿಸಿ ಸಂಜೆ ಹೊತ್ತು ಟ್ಯೂಷನ್ ನಡೆಸುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಮಗುವಿನ ಮೈಯನ್ನೂ ಮುಟ್ಟಿಲ್ಲ ಎಂಬುದು ಅವರ ಹೆಮ್ಮೆ. ಬೆತ್ತ ಇರಲಿಲ್ಲ, ಸ್ಕೇಲೂ ಇರಲಿಲ್ಲ. ಹೊಡೆಯುವ ಕೆಲಸ ನಮ್ಮದು. ತಪ್ಪು ಉತ್ತರ ಕೊಟ್ಟವರು ನಿಂತಿರಬೇಕು. ಮೊದಲು ಸರಿಯುತ್ತರ ಹೇಳಿದವರು ಎದ್ದುಹೋಗಿ, ನಿಂತವರ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕು. ನಮ್ಮ ಅಪ್ಪಂದಿರ ಕಾಲದ ಶಾಲೆಯ ಪದ್ಧತಿ ಇದು, ತಾರಸಿ ಮೇಲೆ ಇನ್ನೂ ಜೀವಂತವಾಗಿತ್ತು. ಹುಡುಗಿ ಹೋಗಿ ಹುಡುಗನಿಗೆ ಹೊಡೆದರೆ ಮೇಷ್ಟ್ರ ಮುಖ ಅರಳುತ್ತಿತ್ತು. ಮೆತ್ತಗೆ ಹೊಡೆದು ಪಾರಾಗುವ ಹಾಗಿಲ್ಲ.

‘ಸೌಂಡೇ ಬರ್ಲಿಲ್ಲ. ಹಿಂದಿನ ಬೆಂಚಿಗೆ ಕೇಳಿಸ್ಬೇಕು. ಇನ್ನೊಂದ್ಸಲ!’

ವರ್ಷದ ಮಧ್ಯೆ ಜರಗನಹಳ್ಳಿಯ ಹುಡುಗನೊಬ್ಬ ಸೇರಿಕೊಂಡ. ಸೇರಿಸಲು ಬಂದ ಅವನ ತಾಯಿ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲ ತುದಿಯಲ್ಲೇ ನಿಂತು ಮಾತಾಡಿದರು.

‘ಎಡಗಿವಿ ಆಪರೇಷನ್ ಆಗೈತೆ ಸಾರ್. ಒಳಗೆ ತಮಟೆಗೆ ಪ್ಯಾಚ್ ಹಾಕವ್ರೆ. ನೀರು ಹೋಗ್ಬಾರ್ದು, ಪೆಟ್ಟು ಬೀಳ್ಬಾರ್ದು, ಬಿದ್ರೆ ಆ ಕಿವಿ ಆಸೆ ಬಿಡಿ ಅಂದವ್ರೆ ಡಾಕ್ಟ್ರು. ಅದೊಂದು, ಕಣ್ಣೆರಡು ಬಿಟ್ಟು ಇನ್ನೆಲ್ಲಿಗ್ ಬೇಕಾದ್ರೂ ಕೊಡಿ ಸಾರ್. ಓದಿದ್ರೆ ಸಾಕು.’

‘ನಾನು ಮಕ್ಕಳ ಮೇಲೆ ಕೈ ಎತ್ತೋನೇ ಅಲ್ಲಮ್ಮ,’ ಎಂದರು ಮೇಷ್ಟ್ರು. ಅದು ನಿಜವೇ ಆಗಿತ್ತು.

ಅವನನ್ನು ನನ್ನ ಪಕ್ಕದ ಬೆಂಚಿನ ತುದಿಗೆ ಕೂರಿಸಿದರು. ಮೇಷ್ಟ್ರು ಓಡಾಡುವ ಜಾಗ ಅವನ ಎಡಕ್ಕೆ. ಪ್ರಶ್ನೆ ಅರ್ಧ ಕೇಳುತ್ತಿತ್ತು, ಅರ್ಧ ಕೇಳುತ್ತಿರಲಿಲ್ಲ. ‘ಏನ್ಸಾರ್?’ ಅನ್ನುತ್ತಿದ್ದ. ಕ್ಲಾಸೆಲ್ಲ ನಗುತ್ತಿತ್ತು. ‘ಏನ್ಸಾರ್’ ಎಂಬುದು ತಪ್ಪುತ್ತರವೆಂದೇ ಲೆಕ್ಕ.

ಮೊದಲ ಸಲ ಅವನಿಗೆ ಹೊಡೆದವನು ಗಿರಿನಗರದಿಂದ ಬರುತ್ತಿದ್ದ ಕಬಡ್ಡಿ ಆಟಗಾರ. ನಮಗಿಂತ ಒಂದು ಗೇಣು ಎತ್ತರ, ಬೈಸಿಕಲ್ ಟ್ಯೂಬಿನಂಥ ತೋಳು. ಎಡಗೈಯಲ್ಲಿ ಮೂಗು ಹಿಡಿದು ಬಲಗೈ ಬೀಸಿದ. ಎದುರು ನಿಂತವನ ಬಲಗೈ ಬಂದು ಬೀಳುವುದು ಎಡಗೆನ್ನೆಗೇ. ಹುಡುಗ ಕೊನೆಯ ಗಳಿಗೆಯಲ್ಲಿ ಕತ್ತು ತಿರುಗಿಸಿದ್ದರಿಂದ ಪೆಟ್ಟು ದವಡೆಗೆ ಬಿತ್ತು. ಕೂತವನು ಕಿರುಬೆರಳನ್ನು ಕಿವಿಯೊಳಗಿಟ್ಟು ಹೊರಗೆ ತೆಗೆದು ನೋಡಿಕೊಂಡ. ಬೆರಳಿಗೆ ಏನೂ ಅಂಟಿರಲಿಲ್ಲ. ಆ ಬೆರಳನ್ನು ನಾನೂ ನೋಡಿದೆ.

ಅವತ್ತು ಬಸ್ಸಿನಲ್ಲಿ ನನ್ನೊಳಗೆ ವಾದ ಶುರುವಾಯಿತು. ನಾನು ಉತ್ತರ ಹೇಳದೆ ಕೂತರೆ? ಕಬಡ್ಡಿಯವನು ಹೇಳುತ್ತಾನೆ, ಅವನ ಕೈ ಏಳುತ್ತದೆ. ಮೇಷ್ಟ್ರಿಗೆ ಎದುರಾಡಿದರೆ? ನನ್ನನ್ನು ಹೊರಗೆ ಹಾಕುತ್ತಾರೆ, ಕಬಡ್ಡಿಯವನು ಒಳಗೇ ಇರುತ್ತಾನೆ. ಉಳಿದದ್ದು ಒಂದೇ ದಾರಿ. ಎಲ್ಲರಿಗಿಂತ ಮೊದಲು ನಾನೇ ಉತ್ತರ ಹೇಳಬೇಕು, ನಾನೇ ಹೊಡೆಯಬೇಕು, ಎಡಗೈಯಲ್ಲಿ ಹೊಡೆಯಬೇಕು.

‘ಇದೇನೇ ಅನಿಷ್ಟ, ಎಡಗೈ ಎತ್ತುತೀಯಾ?’ ಎಂದರು ಮೇಷ್ಟ್ರು.

‘ನಾನು ಎಡಚಿ ಸಾರ್.’

ಅದೇ ವಾರ ಮೋಡಲ್ ವರ್ಬು ಶುರುವಾಗಿತ್ತು. ‘ಮೋಡಲ್ ಬಂತು ಅಂದ್ರೆ ಮುಂದಿನ ವರ್ಬಿನ ಬಾಲ ಕಟ್! ಹೀ ಗೋಸ್, ಸರಿ. ಆದ್ರೆ ಹೀ ಮಸ್ಟ್ ಗೋ. ಮಸ್ಟ್ ಗೋಸ್ ಅಂದೋರ ಮೂಗು ರೆಡಿ ಇಟ್ಕೊಳ್ಳಿ. ಕ್ಯಾನ್ ಟು ಸ್ವಿಮ್ ಅಂದೋರದ್ದೂ.’ ಕನ್ನಡದಲ್ಲಿ ಈ ಕೆಲಸವೆಲ್ಲ ಕ್ರಿಯಾಪದದ ತುದಿಯಲ್ಲಿ ಸದ್ದಿಲ್ಲದೆ ನಡೆದುಹೋಗುತ್ತದೆ: ಹೋಗಬಹುದು, ಹೋಗಬೇಕು, ಹೋಗಬಾರದು, ಹೋಗಲಾರೆ. ಇಂಗ್ಲಿಷಿನಲ್ಲಿ ಆ ತುದಿಯೇ ಮುಂದೆ ಬಂದು ಬೇರೆ ಪದವಾಗಿ ನಿಲ್ಲುತ್ತದೆ. ನಮ್ಮ ‘ಬಹುದು’ ಒಂದಕ್ಕೆ ಅಲ್ಲಿ ಮೂರು ಬಾಗಿಲು. ಕೈಲಾಗುವುದಕ್ಕೆ ಕ್ಯಾನ್, ಅಪ್ಪಣೆಗೆ ಮೇ, ಆದರೂ ಆದೀತು ಅನ್ನುವುದಕ್ಕೆ ಮೈಟ್. ಮಸ್ಟ್ ನಾಟ್ ಅಂದರೆ ಕೂಡದು, ನೀಡ್ ನಾಟ್ ಅಂದರೆ ಬೇಕಾಗಿಲ್ಲ. ಈ ಎರಡರ ನಡುವೆ ಇಡೀ ಟ್ಯೂಷನ್ ಎಡವಿ ಬೀಳುತ್ತಿತ್ತು. ನಾನು ಬೀಳುವಂತಿರಲಿಲ್ಲ. ಬಸ್ಸಿನಲ್ಲಿ, ಬಚ್ಚಲಲ್ಲಿ, ಊಟದ ತಟ್ಟೆಯ ಮುಂದೆ ಅದನ್ನೇ ಗುನುಗಿದೆ. ಪ್ರಶ್ನೆ ಮುಗಿಯುವ ಮೊದಲೇ ನನ್ನ ಉತ್ತರ ಬರಬೇಕಿತ್ತು.

ಎಡಗೈಗೂ ಅಭ್ಯಾಸ ಬೇಕಿತ್ತು. ಕದ ಹಾಕಿಕೊಂಡು ನನ್ನ ತೊಡೆಗೇ ಹೊಡೆದುಕೊಂಡೆ. ಅಂಗೈ ತುಸು ಗುಳಿ ಮಾಡಿ ಕೆನ್ನೆಯ ಕೆಳಭಾಗಕ್ಕೆ ಕೊಟ್ಟರೆ ಸದ್ದು ದೊಡ್ಡದು, ನೋವು ಸಣ್ಣದು ಎಂದು ಗೊತ್ತಾಗುವಷ್ಟರಲ್ಲಿ ತೊಡೆಯೆಲ್ಲ ಬಾಸುಂಡೆ. ಎಡಚಿ ಎಂದ ಮೇಲೆ ಮೇಷ್ಟ್ರ ಕಣ್ಣೆದುರು ಬರೆಯುವುದೂ ಎಡಗೈಯಲ್ಲೇ. ನೋಟ್ಸು ನೋಡಿದ ನಮ್ಮಮ್ಮ ಸೌಟು ತಿರುಗಿಸಿ ನನ್ನ ಎಡ ಮಣಿಕಟ್ಟಿಗೆ ಬಿಗಿದಳು. ‘ಒಳ್ಳೇ ಕೈ ಕೊಟ್ಟಿದಾನೆ ದೇವ್ರು, ಇವಳಿಗೆ ಎಡಗೈ ಶೋಕಿ!’ ಮಣಿಕಟ್ಟು ಊದಿತು. ಮಾರನೆಯ ಸಂಜೆ ಆ ಊದಿದ ಕೈಯಲ್ಲೇ ಹೊಡೆದೆ. ಯಾರಿಗೆ ಹೆಚ್ಚು ನೋವಾಯಿತೋ ತಿಳಿಯದು.

ಒಂದೇ ಒಂದು ಸಲ ಮೆಟ್ಟಿಲಿಳಿಯುವಾಗ ಹುಡುಗ ಬಲಗೆನ್ನೆ ಉಜ್ಜಿಕೊಳ್ಳುತ್ತ, ‘ಸಖತ್ತಾಗಿ ಬಿಡ್ತೀಯಾ ಕಣೇ,’ ಎಂದ.

ನಾನು ಸಿಕ್ಕಿಬಿದ್ದದ್ದು ಬೋರ್ಡಿನ ಹತ್ತಿರ. ಶುಡ್ ಮತ್ತು ಮಸ್ಟ್ ನಡುವಿನ ವ್ಯತ್ಯಾಸ ಬರಿ ಎಂದು ಕರೆದರು. ಒಂದು ಬುದ್ಧಿಮಾತು, ಇನ್ನೊಂದು ಕಡ್ಡಾಯ. ಬರೆಯುವ ಉತ್ಸಾಹದಲ್ಲಿ ಚಾಕ್‌ಪೀಸು ಬಲಗೈಗೆ ಹೋಗಿತ್ತು.

‘ಓಹೋ! ಎಡಚಮ್ಮನವರು!’ ಎಂದರು ಮೇಷ್ಟ್ರು. ತಾರಸಿಯೆಲ್ಲ ನಗು. ಅವರು ನಿಧಾನವಾಗಿ ಹುಡುಗನ ಎಡಕ್ಕೆ ಹೋಗಿ, ಮೆಲುದನಿಯಲ್ಲಿ ಪ್ರಶ್ನೆ ಕೇಳಿದರು.

‘ಏನ್ಸಾರ್?’

‘ಹೋಗಮ್ಮ. ಈಗ ಬಲಗೈಲಿ ಕೊಡು.’

‘ಆ ಕಿವಿ ಆಪರೇಷನ್ ಆಗಿದೆ ಸಾರ್. ಅವರಮ್ಮ ನಿಮ್ಮೆದುರಿಗೇ ಹೇಳಿದ್ರು.’

‘ಕೆನ್ನೆಗೆ ಹೊಡಿ ಅಂದೆ. ಕಿವಿಗೆ ಅಂದ್ನಾ?’

‘ಕೆನ್ನೆಗೂ ಕಿವಿಗೂ ಎಷ್ಟು ದೂರ ಸಾರ್? ಅಳತೆ ತಪ್ಪಿದ್ರೆ ನೀವು ಕೊಡ್ತೀರಾ ಕಿವಿ?’

ನಗು ನಿಂತಿತು. ಮೇಷ್ಟ್ರ ಕತ್ತಿನ ನರ ಉಬ್ಬಿತು. ಆದರೂ ಅವರು ಕೈ ಎತ್ತಲಿಲ್ಲ, ಅದನ್ನು ಒಪ್ಪಬೇಕು. ಕಬಡ್ಡಿಯವನತ್ತ ತಿರುಗಿ, ‘ಇವಳಿಗೊಂದು, ಅವನಿಗೊಂದು,’ ಎಂದರು, ಹೋಟೆಲಿನಲ್ಲಿ ಆರ್ಡರ್ ಕೊಟ್ಟ ಹಾಗೆ.

ಮೂಗು ಹಿಡಿದಾಗ ಉಸಿರಿಗೆಂದು ಬಾಯಿ ತೆರೆಯುತ್ತದೆ. ತೆರೆದ ಬಾಯಿಯ ಮೇಲೆ ಅವನ ಏಟು ಬಿದ್ದು ನನ್ನದೇ ಹಲ್ಲು ತುಟಿಗಿಳಿಯಿತು. ರಕ್ತ ನಾಲಿಗೆಗೆ ಬಂತು. ಅವನು ಹುಡುಗನ ಕಡೆ ತಿರುಗಿ ಕೈ ಎತ್ತಿದಾಗ ಹಾರಿ ಆ ತೋಳನ್ನು ಕಚ್ಚಿದೆ, ಬಿಡದೆ ಕಚ್ಚಿದೆ. ಕೊಡವಿದ. ನನ್ನ ತಲೆ ಬೆಂಚಿನ ಅಂಚಿಗೆ ಬಡಿಯಿತು. ನೋವಿಗೆ ರೊಚ್ಚಿಗೆದ್ದವನು ಗುರಿ ನೋಡದೆ ಬೀಸಿದ. ಅಂಗೈ ಅಗಲವಾಗಿ ಹುಡುಗನ ಎಡಗಿವಿಯ ಮೇಲೆ ಬಿತ್ತು. ಸೌಂಡು ಹಿಂದಿನ ಬೆಂಚಿಗೂ ಕೇಳಿಸಿತು.

ಹುಡುಗ ಅಳಲಿಲ್ಲ. ಬೆಂಚು ಎಲ್ಲಿದೆ ಎಂದು ತಡಕಿ ಕೂತ. ಕಿರುಬೆರಳು ಒಳಗಿಟ್ಟು ತೆಗೆದ. ಈ ಸಲ ಬೆರಳು ಕೆಂಪಾಗಿತ್ತು. ನೀರು ಬೆರೆತ ರಕ್ತ ಕಾಲರಿನವರೆಗೆ ಇಳಿಯಿತು.

‘ಏನ್ರೋ ಇದು ಹುಡುಗಾಟ!’ ಎಂದರು ಮೇಷ್ಟ್ರು.

ಮಾರನೆಯ ಸಂಜೆ ತಾಯಿ ಬಂದರು, ಈ ಸಲ ಚಪ್ಪಲಿ ಕಾಲಲ್ಲೇ ಇತ್ತು. ಹಿಂದೆ ಕಿವಿಗೆ ಹತ್ತಿ ತುರುಕಿದ್ದ ಮಗ. ಮೇಷ್ಟ್ರು ಎರಡೂ ಅಂಗೈ ತೋರಿಸಿದರು. ‘ನಾನು ಮುಟ್ಟಿಲ್ಲಮ್ಮ. ಹುಡುಗ್ರು ಅವರವರೇ ಕಿತ್ತಾಡ್ಕೊಂಡ್ರು. ಬೇಕಾದ್ರೆ ಕೇಳಿ.’

ನಾನು ರಾತ್ರಿಯೆಲ್ಲ ವಾದ ಜೋಡಿಸಿಟ್ಟುಕೊಂಡು ಬಂದಿದ್ದೆ. ಕಟ್ಟಳೆ ಯಾರದು, ಆಜ್ಞೆ ಯಾರದು, ಕೈ ಯಾರದು. ಎದ್ದು ನಿಂತೆ ಕೂಡ.

‘ಯಾರ್ಲಾ ಹೊಡ್ದಿದ್ದು?’ ತಾಯಿ ಮಗನನ್ನು ಅಲುಗಿಸಿದರು.

ಅವನು ಮೇಷ್ಟ್ರನ್ನು ನೋಡಿದ. ಕಬಡ್ಡಿಯವನನ್ನು ನೋಡಿದ. ಆಮೇಲೆ ನನ್ನತ್ತ ಬೆರಳು ಮಾಡಿದ.

‘ಇವಳು. ದಿನಾ ಇವಳೇ ಹೊಡೆಯೋದು.’

ಸುಳ್ಳೆನ್ನಲು ಒಬ್ಬರೂ ಬಾಯಿ ತೆರೆಯಲಿಲ್ಲ. ತಾಯಿ ನನ್ನ ಜಡೆ ಹಿಡಿದು ಎಳೆದರು. ‘ಹೆಣ್ಣುಡುಗಿ ಆಗಿ ಇಷ್ಟು ಕೊಬ್ಬೇನೇ ನಿಂಗೆ? ನನ್ ಮಗನ್ ಕಿವಿ ತಿಂದಲ್ಲೇ!’ ಅವರದು ಬಲಗೈ. ಒಂದು, ಮತ್ತೊಂದು, ಆಮೇಲೆ ತಲೆ ಗೋಡೆಗೆ. ನನ್ನ ಎಡಗಿವಿಯೊಳಗೆ ಕುಕ್ಕರಿನ ಸೀಟಿ ಕೂಗಿದ ಹಾಗಾಯಿತು.

‘ಸಾಕು ಬಿಡಿಮ್ಮ,’ ಎಂದರು ಮೇಷ್ಟ್ರು. ‘ನಮ್ಮಲ್ಲಿ ಹೊಡೆಯೋದೆಲ್ಲ ಇಲ್ಲ.’

ನಾನು ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಅವನ ಎಡಗಿವಿ ಹೋಗೇ ಹೋಯಿತು ಎಂದು ಆಮೇಲೆ ಯಾರೋ ಹೇಳಿದರು.

ಮೊನ್ನೆ ಜಯನಗರ ಫೋರ್ತ್ ಬ್ಲಾಕಿನ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡಿಯುವಾಗ ಎದುರಿನ ಮೇಜಿನಲ್ಲಿ ಅವನು. ಈಗ ಬನಶಂಕರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೋಗಿ ಪಕ್ಕದಲ್ಲಿ ನಿಂತೆ.

‘ಗುರುತು ಸಿಕ್ತಾ?’

‘ಮುಖ ಮರೆತ್ರೂ ಆ ಎಡಗೈ ಮರೀತೀನಾ ಗುರು?’ ನಕ್ಕ.

ನಾನು ನಗಲಿಲ್ಲ. ‘ಅವತ್ತು ನನ್ನನ್ನ ಯಾಕೋ ತೋರಿಸ್ದೆ?’ ಎಂದು ಜೋರಾಗಿಯೇ ಕೇಳಿದೆ. ಇಷ್ಟು ವರ್ಷ ಕೂಡಿಟ್ಟಿದ್ದ ಪ್ರಶ್ನೆ.

‘ಆ ಕಬಡ್ಡಿಯವನನ್ನ ತೋರಿಸಿದ್ರೆ ಅಮ್ಮ ಅವನಿಗೆ ಹೊಡೀತಿದ್ಲು. ಮಾರನೇ ದಿನ ಅವನು ನಂಗೆ. ಇನ್ನೊಂದು ಕಿವಿನಾದ್ರೂ ಉಳೀಬೇಕಲ್ವಾ? ಮೇಷ್ಟ್ರನ್ನ ತೋರಿಸಿದ್ರೂ ಅಷ್ಟೇ. ನೀನು ಮಾತ್ರ ವಾಪಸ್ ಹೊಡೆಯಲ್ಲ ಅಂತ ಗೊತ್ತಿತ್ತು. ಎಡಗೈ ಯಾಕೆ ಅಂತ ಅಷ್ಟೊತ್ತಿಗೆ ನಂಗೆ ಹೊಳೆದಿತ್ತು.’

ನಾನು ಬಸ್ಸಿನಲ್ಲಿ ಕೂತು ಹಾಕಿದ್ದ ಲೆಕ್ಕವನ್ನೇ ಅವನೂ ಹಾಕಿದ್ದ. ಎಲ್ಲಿ ತಪ್ಪಿದೆ ಎಂದು ಹುಡುಕಿದೆ, ಸಿಗಲಿಲ್ಲ. ‘ಒಂದು ಮಾತು ನಂಗೆ ಹೇಳ್ಬಹುದಿತ್ತಲ್ಲೋ,’ ಎಂದೆ.

‘ಏನು? ಆ ಕಡೆಯಿಂದ ಕೇಳಲ್ಲ, ಈ ಕಡೆ ಬಾ.’

ಲೋಟ ಎತ್ತಿಕೊಂಡು ಮೇಜು ಸುತ್ತಿ ಅವನ ಬಲಕ್ಕೆ ಹೋದೆ. ಮತ್ತೆ ಅದನ್ನೇ ಹೇಳಿದೆ.

‘ನೀನೂ ಹೇಳ್ಬಹುದಿತ್ತು,’ ಎಂದು ಅವನು ತಳದ ಕಾಫಿ ಕುಡಿದ.