ಕಂಡಕ್ಟರಮ್ಮ ಎತ್ತಿದ ಹಾಡು

ಗಂಟಲು ಎಂದರೆ ಕಂಡಕ್ಟರಮ್ಮನ ಗಂಟಲು! ಬಸ್ಸಿನ ಬಾಗಿಲಲ್ಲಿ ನಿಂತು "ಮುಂದೆ ಹೋಗ್ರೀ, ಬೇಕಾದಷ್ಟು ಜಾಗ ಇದೆ!" ಎಂದು ಕೂಗಿದರೆ, ಬಸ್ಸು ಹತ್ತದೆ ರಸ್ತೆಯಲ್ಲಿ ನಿಂತವರೂ ಎರಡು ಹೆಜ್ಜೆ ಸರಿಯುತ್ತಿದ್ದರು. ಭಾನುವಾರ ಅದೇ ಗಂಟಲು ಚರ್ಚಿನಲ್ಲಿ. ಅಲ್ಲಿ ಮೊದಲ ಹಾಡನ್ನು ಆರ್ಗನ್ ಶುರು ಮಾಡುವಂತಿಲ್ಲ. ಬೆಂಚಿನಿಂದ ಒಬ್ಬರು ಎದ್ದು ಮೊದಲ ಸಾಲು ಎತ್ತಿಕೊಡಬೇಕು, ಆರ್ಗನ್ ಅವರ ಶ್ರುತಿ ಹಿಡಿದು ಹಿಂದೆ ಬರಬೇಕು. ವರ್ಷಗಟ್ಟಲೆ ಎತ್ತಿಕೊಟ್ಟವಳು ಈಕೆಯೇ.

ಅಂಥ ಗಂಟಲಿಗೇ ಕ್ಯಾನ್ಸರ್ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕತ್ತಿನ ಮುಂದೆ ಒಂದು ತೂತು, ಉಸಿರಾಟವೆಲ್ಲ ಅಲ್ಲಿಂದಲೇ. ಅದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡರೆ, ಡಾಕ್ಟರು ಒಳಗೆ ಕೂರಿಸಿದ ಪುಟ್ಟ ಕವಾಟದಿಂದ ಮಾತು ಬರುತ್ತದೆ. ಒಡಕು, ದಪ್ಪ, ಥೇಟ್ ಗಂಡಸಿನ ಮಾತು. ಕೆಲಸಕ್ಕೆ ಮರಳಿದ ದಿನ ಅಭ್ಯಾಸಬಲದಿಂದ ಸೀಟಿ ಊದಲು ಹೋದಳು. ಗಾಳಿಯೆಲ್ಲ ಕತ್ತಿನಿಂದ ಬುಸ್ಸೆಂದು ಹೊರಟುಹೋಯಿತು, ಸೀಟಿ ತೆಪ್ಪಗಿತ್ತು. ಡ್ರೈವರ್ ಕಣ್ಣೊರೆಸಿಕೊಂಡ. ಈ ಮಹಾತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗೋಕಾದ್ರೂ ಹೇಗೆ ಮನಸ್ಸು ಬರುತ್ತೆ ಅಕ್ಕಾ?" ಎಂದು ಅವನು ಕೇಳಿದ.

"ಆಪರೇಷನ್‌ಗೆ ಮುಂಚೆ ಸಾವಿನ ಭಯ ಹೆಂಗೆ ಹಿಡ್ಕೊಂಡಿತ್ತು ಗೊತ್ತಾ? ಯೇಸಪ್ಪಾ, ನನ್ನ ಕೈಲಾಗಲ್ಲ, ನೀನೇ ಹಿಡ್ಕೋ ಅಂತ ಗೊಳೋ ಅಂತ ಅತ್ತೆ. ಆ ಭಯ ಎದ್ದು ಹೋಗಿದ್ದು ಹೋಗಿದ್ದೇ, ಇವತ್ತಿನವರೆಗೂ ತಿರುಗಿ ಬಂದಿಲ್ಲ. ಡಾಕ್ಟರು ಧ್ವನಿ ತೆಗೆದ್ರು, ಅವನು ಭಯ ತೆಗೆದ. ನನಗೇನಪ್ಪ ನಷ್ಟ?"

ಕೃತಜ್ಞತಾ ಆರಾಧನೆಯ ಭಾನುವಾರ ಹತ್ತಿರ ಬಂತು. ಹಾಡು ತಾನೇ ಎತ್ತುತ್ತೇನೆಂದು ಹಟ ಹಿಡಿದಳು. ಚರ್ಚಿನ ಹಾಡುವ ತಂಡವಾದ ಕಾಯರ್ ನಡೆಸುವವನು ಸ್ವಂತ ಮಗ. ಅವನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಬೇಡಮ್ಮ, ನಿನ್ನ ಸೊಸೆ ಎತ್ತಲಿ. ದೇವರು ನಿನ್ನನ್ನ ಕಾಪಾಡಿದ ಸಾಕ್ಷೀನ ಪಾದ್ರಿ ಅಯ್ಯನವರು ಹೇಳ್ತಾರೆ."

"ಕಾಪಾಡಿದ್ದು ನನ್ನನ್ನ, ಸ್ತೋತ್ರ ಹೇಳೋರು ಅಯ್ಯನವರಾ?"

"ಜನ ನಗ್ತಾರಮ್ಮ."

"ನಕ್ಕರೆ ನಗಲಿ ಬಿಡು."

"ನಗದಿದ್ರೆ ಅಯ್ಯೋ ಪಾಪ ಅಂತಾರೆ. ನಿನ್ನನ್ನ ಆ ಸ್ಥಿತೀಲಿ ಎಲ್ಲರೂ ನೋಡೋದನ್ನ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಆ ಮಾತು ಮಾತ್ರ ಚುರುಕ್ಕೆಂದಿತು. ನಗುವಿಗೆ ಹೆದರುವ ಹೆಂಗಸಲ್ಲ ಅವಳು. ಆದರೆ ತಾನು ದೇವರ ಮುಂದೆ ತಲೆಯೆತ್ತಿ ನಿಂತಾಗ, ಜನ ದೇವರನ್ನು ಮರೆತು ತನ್ನ ಕತ್ತನ್ನೇ ನೋಡಿ ಲೊಚಗುಟ್ಟಿದರೆ? ಕೊಟ್ಟ ಸ್ತೋತ್ರವೆಲ್ಲ ಕರುಣೆಯ ಪಾಲಾಗಿಬಿಟ್ಟರೆ? ಅದನ್ನು ನೆನೆದು ಮೊದಲ ಸಲ ಅಳುಕಿದಳು.

ಅಳುಕಿದರೂ ಭಾನುವಾರ ಎದ್ದೇ ನಿಂತಳು. ಅರ್ಧ ಎದ್ದಿದ್ದ ಸೊಸೆ ಗಪ್‌ಚಿಪ್ಪಾಗಿ ಕೂತಳು. ಕಂಡಕ್ಟರಮ್ಮ ಹೆಬ್ಬೆರಳನ್ನು ಕತ್ತಿಗೆ ಒತ್ತಿ ಮೊದಲ ಸಾಲು ಎತ್ತಿದಳು. ಹಾಡೋ ಗೊರಕೆಯೋ ಎಂಬಂತಿತ್ತು, ಸುಳ್ಳೇಕೆ ಹೇಳಬೇಕು. ಆರ್ಗನ್ ಹಳೆಯ ಜಾಗದಲ್ಲಿ ಶ್ರುತಿ ಹುಡುಕಿತು, ಸಿಗಲಿಲ್ಲ, ಕೆಳಗಿಳಿಯಿತು, ಇನ್ನೂ ಕೆಳಗಿಳಿಯಿತು. ಕಾಯರ್ ಹುಡುಗಿಯರು ಅಷ್ಟು ತಗ್ಗಿಗೆ ಇಳಿಯಲಾರದೆ ಬಾಯಿ ಮುಚ್ಚಿದರು. ಎರಡನೆಯ ಸಾಲನ್ನು ಅವಳೊಬ್ಬಳೇ ಹಾಡಿದಳು. ಹಿಂದಿನಿಂದ ಯಾರದೋ "ಅಯ್ಯೋ ಪಾಪ" ಕೇಳಿಯೇ ಕೇಳಿತು.

ಆಗ ಗಂಡಸರ ಬೆಂಚಿನಿಂದ ಗಾರೆ ಮೇಸ್ತ್ರಿ ದನಿಗೂಡಿಸಿದ. ಅವನ ಪಕ್ಕದವನೂ ಸೇರಿದ. ಅಷ್ಟು ವರ್ಷ ಇವಳ ಮುಗಿಲುಮುಟ್ಟುವ ಶ್ರುತಿಗೆ ಏರಲಾರದೆ ಬರೀ ತುಟಿ ಆಡಿಸುತ್ತಿದ್ದ ಗಂಡಸರು! ಈಗ ಹಾಡು ಅವರ ಗಂಟಲಿಗೇ ಬಂದು ನಿಂತಿತ್ತು. ಬೆಂಚಿಗೆ ಬೆಂಚು ಎದ್ದಿತು. ಕಿಟಕಿಯ ಗಾಜು ಗಡಗಡ ಎಂದಿತು. ಲೊಚಗುಟ್ಟಲು ಯಾರಿಗೂ ಪುರಸೊತ್ತಿರಲಿಲ್ಲ, ಎಲ್ಲರೂ ಹಾಡುತ್ತಿದ್ದರು. ಕಂಡಕ್ಟರಮ್ಮನ ಎದೆ ಹೆಮ್ಮೆಯಿಂದ ಉಬ್ಬಿತು: ನೋಡ್ರಪ್ಪಾ ನನ್ನ ದೇವರನ್ನ!

ಪಲ್ಲವಿ ಮುಗಿಯಿತು. ಅವಳಿಗೆ ಉಸಿರು ಸಾಲದಾಯಿತು, ಬೆರಳು ತೆಗೆದು ಏದುಸಿರು ಬಿಡುತ್ತ ನಿಂತಳು. ಮಗ ಕಾಯರ್ ಬಿಟ್ಟು ಇಳಿದು ಬಂದ, ಕಣ್ಣು ಕೆಂಪಾಗಿತ್ತು. ಎಲ್ಲರೆದುರು ಅವಳ ತೋಳು ಹಿಡಿದ.

"ಅಮ್ಮ, ಮುಂದಿನ ಚರಣಾನೂ ನೀನೇ ಎತ್ತಮ್ಮ. ನಾವೆಲ್ಲ ಕಾಯ್ತಾ ಇದೀವಿ."

"ಉಸಿರು ತಗೊಳ್ಳೋಕೆ ಬಿಡೋ," ಎಂದು ಕಂಡಕ್ಟರಮ್ಮ ಬೆರಳೊತ್ತಿ ಗದರಿದಳು. ಬೆರಳು ತೆಗೆದು ಎದೆ ತುಂಬ ಉಸಿರೆಳೆದುಕೊಂಡು, ಮುಂದಿನ ಚರಣಕ್ಕೆ ಹೆಬ್ಬೆರಳನ್ನು ಮತ್ತೆ ಕತ್ತಿಗೆ ಒತ್ತಿದಳು.