ನಲವತ್ತು ಪಿಟೀಲು, ಒಂದು ಒಗ್ಗರಣೆ

ಅಮೆರಿಕದ ಆಬರ್ನ್ ಹಿಲ್ಸ್‌ನ ಕಾರು ಕಂಪನಿಯೊಂದರಲ್ಲಿ ಹಸ್ನೈನ್‌ನ ಕೆಲಸ ಸದ್ದಡಗಿಸುವುದು. ಕಾರಿನೊಳಗೆ ಎಲ್ಲಾದರೂ ಕಿರ್ರೆಂದರೆ ಸಾಕು, ಅದರ ಹುಟ್ಟಡಗಿಸುವವರೆಗೆ ಅವನಿಗೆ ಸಮಾಧಾನವಿಲ್ಲ. ಮನೆಗೆ ಬಂದರೆ ಮಾತ್ರ ಎಪ್ಪತ್ತರ ದಶಕದ ಗೀರುಬಿದ್ದ ಪಾಪ್ ರೆಕಾರ್ಡುಗಳೆಂದರೆ ಪ್ರಾಣ. ಒಂದು ಪ್ರೇಮಗೀತೆಗೆ ನಲವತ್ತು ಪಿಟೀಲು, ಕೊಂಬು, ಕಹಳೆ, ಸಾಲದ್ದಕ್ಕೆ ಅರಸರ ಕಾಲದ ಪಿಯಾನೊದಂಥ ಹಾರ್ಪ್ಸಿಕಾರ್ಡ್ ಬೇರೆ! ಹಾಡಿನ ಹುಡುಗಿ ಒಪ್ಪಿಬಿಟ್ಟರೆ ಮದುವೆಗೆ ಬೇರೆ ಬ್ಯಾಂಡ್‌ಸೆಟ್ಟೇ ಬೇಡ.

ಊಟಕ್ಕೆ ಕರೆದವರನ್ನೆಲ್ಲ ಅವನು ಮೊದಲು ಸೋಫಾದಲ್ಲಿ ಕೂರಿಸಿ ಒಂದಿಡೀ ಆಲ್ಬಮ್ ಕೇಳಿಸುತ್ತಿದ್ದ. ಅವರು ಮಕ್ಕಳ ಸ್ಕೂಲಿನ ಮಾತಾಡುತ್ತಿದ್ದರು. "ಈ ಜನಕ್ಕೆ ಕಿವೀನೇ ಇಲ್ಲ" ಎಂದು ಆಮೇಲೆ ಹೆಂಡತಿ ಸುರಯ್ಯಾಳ ಮುಂದೆ ಗೊಣಗುತ್ತಿದ್ದ.

ಮೊನ್ನೆ ಶನಿವಾರ ಪಿಟೀಲುಗಳೆಲ್ಲ ಒಮ್ಮೆಲೇ ತಗ್ಗಿದವು. ಹಾಡುಗಾರ ಪಿಸುಗುಟ್ಟುವ ಆ ಗಳಿಗೆಯಲ್ಲಿ ಹಳೇ ರೆಕಾರ್ಡು ಚಟಪಟ ಎಂದಿತು. ಊಟಕ್ಕೆ ಬಂದಿದ್ದ ಪಕ್ಕದ ಬಡಾವಣೆಯ ಇಂದು ಆಂಟಿ ದಡಬಡಿಸಿ ಎದ್ದರು.

"ಅಯ್ಯೋ ಸುರಯ್ಯಾ, ಸಾಸಿವೆ ಸಿಡೀತಿದೆ, ಒಗ್ಗರಣೆ ಸೀದುಹೋಗುತ್ತೆ!" ಎನ್ನುತ್ತ ಅಡುಗೆಮನೆಗೆ ಓಡಿದರು. ಅಲ್ಲಿ ಒಲೆ ತಣ್ಣಗಿತ್ತು.

ಹಸ್ನೈನ್‌ನ ಮುಖ ಇಂಗು ತಿಂದ ಮಂಗನಂತಾಯಿತು. ಸುರಯ್ಯಾ ನಗು ತಡೆದುಕೊಂಡು ಹೇಳಿದಳು: "ಬಿಡ್ರೀ, ಕೊನೆಗೂ ಒಬ್ಬರು ಕಿವಿಗೊಟ್ಟು ಕೇಳಿದ್ರಲ್ಲ."