ನಾಕೂ ನೋಡೇನಿ

ಒಂದು ಶಬ್ದದ ಮರೆಯಲ್ಲಿ ಅಡಗಿಕೊಂಡು ನಾನು ಸಿದ್ದರಾಮಣ್ಣನ ಕಸುಬನ್ನು ಕೊಂದೆ. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಮರೆತಿದ್ದೆ ಎಂದು ಹೇಳಲಾರೆ— ಒಂದು ದಿನವೂ ಮರೆತಿಲ್ಲ.

ಗಡಹಿಂಗ್ಲಜದಲ್ಲಿ ನಮ್ಮಿಬ್ಬರದೂ ಒಂದೇ ಶೆಡ್ಡು. ಬಣ್ಣದ ಕೆಲಸ ನನ್ನದು, ಎಂಜಿನ್ನು ಆಕ್ಸಲ್ಲು ಅವನದು. ಅವನ ಊರು ನೂಲ, ಮನೆಮಾತು ಕನ್ನಡ. ಆದರೆ ಕಸುಬು ಕಲಿತದ್ದು ಕೊಲ್ಹಾಪುರದ ಮರಾಠಿ ಮೇಸ್ತ್ರಿಯ ಕೈಕೆಳಗೆ. ಹಾಗಾಗಿ ಗಾಡಿಯ ಮಾತು ಬಂತೆಂದರೆ ಅವನ ಬಾಯಲ್ಲಿ ಅರ್ಧ ಮರಾಠಿ. "ಯಣ್ಣಾ, ನಿನ್ನ ಪಾನಾ ಕನ್ನಡದ್ದೋ ಮರಾಠೀದೋ?" ಎಂದು ಅವನ ಕೈಯ ಸ್ಪ್ಯಾನರ್ ತೋರಿಸಿ ನಾನು ಕಾಡುತ್ತಿದ್ದೆ. "ಗಾಡಿಗಿ ಎರಡೂ ತಿಳೀತಾವ. ನಿನಗ ಒಂದೂ ತಿಳ್ಯಾಂಗಿಲ್ಲ," ಎನ್ನುತ್ತಿದ್ದ.

ಇಚಲಕರಂಜಿಯ ಮಗ್ಗದ ಮಾಲಕರೊಬ್ಬರು ತಮ್ಮ ತಂದೆಯ ಕಾಲದ ಜೀಪು ತಂದರು. ಹಿಂದಿನ ಎಡಗಾಲಿಯಿಂದ ಎಣ್ಣೆ ಸೋರುತ್ತಿತ್ತು. ಆಕ್ಸಲ್ಲಿನ ಎಣ್ಣೆ ಬ್ರೇಕಿನ ಮೇಲೆ ಬಿದ್ದರೆ ಬ್ರೇಕು ಹಿಡಿಯುವುದಿಲ್ಲ— ಹುಡುಗಾಟದ ಮಾತಲ್ಲ. ಸಿದ್ದರಾಮಣ್ಣ ಆಕ್ಸಲ್ ಹೊರಗೆಳೆದು, ಎಣ್ಣೆ ತಡೆಯುವ ಸೀಲ್ ತಾಗುವ ಜಾಗದಲ್ಲಿ ಉಗುರು ಆಡಿಸಿ ಗೀರು ಹುಡುಕಿದ. ನಯವಾದ ಎಮರಿ ಕಾಗದದಿಂದ ತಿಕ್ಕಿದ. ಹೊಸ ರಬ್ಬರ್ ಸೀಲಿಗೆ ಎಣ್ಣೆ ಸವರಿ, ಕೂಸಿಗೆ ಕುಲಾಯಿ ಹಾಕಿದ ಹಾಗೆ ಮೆಲ್ಲಗೆ ಕೂರಿಸಿದ. ಆಮೇಲೆ ಗಾಡಿಯ ಅಡಿಗೆಲ್ಲ ನಾನು ಕಪ್ಪು ಬಣ್ಣ ಹೊಡೆದೆ.

ಅಷ್ಟರಲ್ಲಿ ಅವನಿಗೆ ಫೋನು ಬಂತು. ಕೊಲ್ಹಾಪುರದಲ್ಲಿದ್ದ ಮಗಳಿಗೆ ಹೆರಿಗೆಯ ಬ್ಯಾನಿ ಶುರುವಾಗಿತ್ತು. ಅಂಗಿ ಬದಲಿಸುತ್ತಲೇ ಹೇಳಿದ: "ಗಾಡಿ ಬಿಡೂಕಿಂತ ಮೊದಲ ನಾಕ ಬಿಚ್ಚಿ ನೋಡಪಾ. ಮರೀಬ್ಯಾಡ." ಹೇಳಿ ಬಸ್ಸಿಗೆ ಓಡಿದ.

ನಾಕ ಅಂದರೆ ನಮ್ಮ ಮಾತಿನಲ್ಲಿ ನಾಲ್ಕು. ನಾಲ್ಕೂ ಗಾಲಿ ಬಿಚ್ಚಿ ನೋಡಿದೆ, ಬಿಗಿ ಮಾಡಿದೆ, ಗಾಡಿ ಕೊಟ್ಟು ಕಳಿಸಿದೆ.

ಎಂಟನೆಯ ದಿನಕ್ಕೆ ಮುರಗೂಡದ ಕಡೆಯ ಇಳಿಜಾರಿನಲ್ಲಿ ಬ್ರೇಕು ಒಂದೇ ಬದಿಗೆ ಎಳೆದು ಜೀಪು ಕಬ್ಬಿನ ಹೊಲಕ್ಕೆ ಬಿತ್ತು. ಹಿಂದೆ ಕೂತಿದ್ದ ಮಾಲಕರ ತಾಯಿಯ ಮೊಣಕೈ ಮುರಿಯಿತು. ಗಾಡಿಯನ್ನು ನಮ್ಮ ಶೆಡ್ಡಿಗೇ ಎಳೆದು ತಂದರು. ಸಿದ್ದರಾಮಣ್ಣ ಇನ್ನೂ ಕೊಲ್ಹಾಪುರದಲ್ಲಿದ್ದ. ನಾನೇ ಅಡಿಯಲ್ಲಿ ಮಲಗಿ ನೋಡಿದೆ. ಎಡಗಾಲಿಯ ತುಂಬ ಎಣ್ಣೆ. ಆಕ್ಸಲ್ಲಿನ ನೆತ್ತಿಯ ಮೇಲೆ ಬೆರಳ ತುದಿಯಷ್ಟು ಒಂದು ತೂತು ಇರುತ್ತದೆ, ಒಳಗೆ ಕಾಯ್ದ ಗಾಳಿ ಹೊರಗೆ ಹೋಗಲಿ ಎಂದು. ನನ್ನ ಬಣ್ಣ ಅದನ್ನು ಮುಚ್ಚಿಬಿಟ್ಟಿತ್ತು. ದಾರಿ ಸಿಗದ ಗಾಳಿ ಎಣ್ಣೆಯನ್ನು ಸೀಲಿನ ಸಂದಿಯಿಂದ ತಳ್ಳಿತ್ತು. ಆಗ ಹೊಳೆಯಿತು— ನಾಕ! ಮರಾಠಿಯ ನಾಕ! ಮೂಗು! ಆಕ್ಸಲ್ಲಿನ ಮೂಗು ನೋಡು ಎಂದಿದ್ದ ಪುಣ್ಯಾತ್ಮ. ನಾನು ಗಾಲಿ ಎಣಿಸಿದ್ದೆ.

ಅಲ್ಲಿಯವರೆಗಿನದು ತಪ್ಪು. ಮುಂದಿನದನ್ನು ತಪ್ಪು ಎನ್ನಲು ನಾಲಗೆ ಏಳುವುದಿಲ್ಲ. ತಂತಿ ಹಾಕಿ, ಥಿನ್ನರ್ ಹಚ್ಚಿ ಆ ತೂತನ್ನು ಬಿಡಿಸಿ ಒರೆಸಿಟ್ಟೆ. ಯಾರೂ ನೋಡಲಿಲ್ಲ. ಮಾಲಕರು ಬಂದವರೇ ಮರಾಠಿಯಲ್ಲಿ ಕೇಳಿದರು: "ಸೀಲ್ ಕುಣೀ ಬಸವಲಂ?" ಸೀಲ್ ಕೂರಿಸಿದ್ದು ಯಾರು— ಅಷ್ಟೇ ಕೇಳಿದರು. "ಸಿದ್ದರಾಮ," ಎಂದೆ.

ಮರುದಿನ ಅವನು ಬಂದ. ಮಾಲಕರ ಎದುರಿಗೇ ನನ್ನನ್ನು ಕೇಳಿದ: "ನಾಕ ನೋಡಿದ್ದಿ ಹೌದಲ್ಲೋ?"

"ನೋಡೇನಿ ಯಣ್ಣಾ. ನಾಕೂ ನೋಡೇನಿ."

ಅವನಿಗೆ ಮೂಗು ಎಂದು ಕೇಳಿಸುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ಸುಳ್ಳಂತೂ ಅಲ್ಲವಲ್ಲ ಎಂದು ಒಳಗೊಳಗೇ— ಥೂ, ಎಂಥ ಜಾಣತನ!

"ಹಂಗಾರ ನನ್ನ ಕೈಯ ತಪ್ಪೇತಿ," ಎಂದು ಅವನು ಮಾಲಕರಿಗೆ ಕೈ ಮುಗಿದ.

ಆಮೇಲೆ ಅವನು ತಾನು ಕೂರಿಸಿದ ಪ್ರತಿ ಸೀಲನ್ನೂ ಬಿಚ್ಚಿ ಮತ್ತೆ ಕೂರಿಸುತ್ತಿದ್ದ. ಮೂರು ಮೂರು ಸಲ. ಸಂತೆಯಲ್ಲಿ ಮಾತು ಹಬ್ಬಿತು: ಸಿದ್ದರಾಮನ ಕೈ ಮೊದಲಿನಂಗ ಉಳದಿಲ್ಲರಿ. ವರ್ಷ ತುಂಬುವುದರೊಳಗೆ ಪಾನಾ ಎಲ್ಲ ನನಗೇ ಕೊಟ್ಟು ನೂಲಕ್ಕೆ ಹೋಗಿ ಎಮ್ಮೆ ಕಟ್ಟಿದ. ಅವನ್ನು ನಾನು ಇಸಿದುಕೊಂಡೆ. ಒರೆಸಿ ನನ್ನ ಪೆಟ್ಟಿಗೆಯಲ್ಲಿಟ್ಟೆ.

ಮೊನ್ನೆ ಆದಿತ್ಯವಾರ ನೂಲಕ್ಕೆ ಹೋದೆ. ಎಮ್ಮೆಗೆ ಮೇವು ಹಾಕುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ— ಬಣ್ಣ, ತೂತು, ಥಿನ್ನರ್, ನನ್ನ ಮಾತು. ಬೈಯಲಿ, ಕೊರಳಪಟ್ಟಿ ಹಿಡಿಯಲಿ ಎಂದು ಕಾದೆ. ಅವನು ಕೇಳಿದ್ದು ಇಷ್ಟೇ:

"ಹಂಗಾರ ಸೀಲ್ ಸರಿ ಕುಂತಿತ್ತೇನೋ?"

"ಕುಂತಿತ್ತಣ್ಣಾ. ಬರೋಬ್ಬರಿ ಕುಂತಿತ್ತು."

ಮೇವಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಅದನ್ನೇ ನೋಡಿದ. ಆಮೇಲೆ, ಹೋದ ವರ್ಷ ತೀರಿಕೊಂಡ ಹೆಂಡತಿಯನ್ನು ನೆನೆಸಿ ಹೇಳಿದ: "ಆಕಿ ಇದ್ದಾಗ ಹೇಳಿದ್ದರ ಆಗತಿತ್ತಲ್ಲೋ. ಆಕಿನೂ ನನ್ನ ಕೈದ ತಪ್ಪು ಅಂತ ತಿಳಕೊಂಡ ಹೋದಳು."

ಒಳಗೆ ಹೋದ. ನನ್ನನ್ನು ಕೂಡು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ನಾಳೆ ಇಚಲಕರಂಜಿಗೆ ಹೋಗಿ ಮಾಲಕರಿಗೂ ಅವರ ತಾಯಿಗೂ ಇದನ್ನೇ ಹೇಳುತ್ತೇನೆ. ಸಂತೆಯಲ್ಲಿ ನಿಂತೂ ಹೇಳುತ್ತೇನೆ. ಸಿದ್ದರಾಮಣ್ಣನ ಹೆಂಡತಿಗೆ ಹೇಳಲು ಎಲ್ಲಿಗೂ ಹೋಗಲಾರೆ.